ಕನ್ನಡವಿಲ್ಲದ ಲಗ್ನಪತ್ರಿಕೆ

ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವವರು ಸಾಮಾನ್ಯ ಜನ. ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಅದನ್ನು ಬೈಟು ಬೈಟಾಗಿ ಬಿಚ್ಚಿ ನೋಡುವವರದು ಬೇರೆಯೇ ಜಾತಿ. ಆ ಜಾತಿಗೆ ಸೇರಿದ ಮೇಲೆ ನನ್ನ ನಡಿಗೆಯೇ ಬದಲಾಗಿತ್ತು. ಪಿಡಿಎಫ್ 25 50 44 46 ಎಂದು ಶುರುವಾಗುತ್ತದೆ, ಜೆಪೆಗ್ ಫೋಟೊ ಎಫ್‌ಎಫ್ ಡಿ8 ಎಂದು, ಜಿಪ್ 50 4ಬಿ ಎಂದು. ಎಲ್ಲ ಬಾಯಿಪಾಠ. ನಮ್ಮೂರು ಸಖರಾಯಪಟ್ಟಣದಲ್ಲಿ ಇದನ್ನು ಯಾರೂ ಕೇಳುವುದಿಲ್ಲವಲ್ಲ ಎಂಬುದೊಂದೇ ಕೊರಗು.

ಅದನ್ನು ನೀಗಿಸಲು ಪಕ್ಕದ ಮನೆ ಮಾವ ಪೆನ್‌ಡ್ರೈವ್ ಹಿಡಿದು ಬಂದರು. ದೊಡ್ಡ ಮಗಳ ಲಗ್ನಪತ್ರಿಕೆ ಅದರಲ್ಲಿದೆಯಂತೆ. ಹೆಸರು, ಮುಹೂರ್ತ ಬದಲಿಸಿದರೆ ಚಿಕ್ಕವಳಿಗೂ ಅದೇ ಸಾಕು. “ನೀನು ಕಂಪ್ಯೂಟರ್ ಓದ್ದೋನು, ನಿಂಗೇನು ಮಹಾ ಕೆಲಸ ಕಣಪ್ಪ” ಎಂದರು.

ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಫೈಲು ತೆರೆಯಿತು. ಆದರೆ ಪುಟದ ತುಂಬ ಇಂಗ್ಲಿಷಿನ ‘ಪಿ’, ಅದರ ಮಗ್ಗುಲಲ್ಲಿ ತಲೆ ಮೇಲೆ ಗೀಟು ಹೊತ್ತ ‘ಎ’.

“ಮಾವ, ಇದು ಪೋರ್ಚುಗೀಸ್ ಭಾಷೆ ಇದ್ದಂಗಿದೆ.”

“ಬೀಗರು ತರೀಕೆರೆಯವರು ಕಣೋ!”

ಮಾನ ಉಳಿಸಿಕೊಳ್ಳಲು ಟರ್ಮಿನಲ್ ತೆರೆದೆ. ಅವಸರದಲ್ಲಿ, ಬೈಟುಗಳನ್ನು ಅಂಕಿಗಳಾಗಿ ತೋರಿಸುವ ಹೆಕ್ಸ್‌ಡಂಪ್ ಎಂದು ಹೊಡೆಯುವ ಬದಲು ‘ಕ್ಯಾಟ್’ ಎಂದು ಹೊಡೆದುಬಿಟ್ಟೆ. ಇದು ಫೈಲಿನಲ್ಲಿದ್ದದ್ದನ್ನು ಹಾಗೇ ಪರದೆಗೆ ಸುರಿಯುವ ಕಮಾಂಡು. ಟೆಲಿಪ್ರಿಂಟರ್ ಕಾಲದಿಂದಲೂ 07 ಎಂಬ ಬೈಟು ಬಂದರೆ ಗಂಟೆ ಬಾರಿಸಬೇಕು ಎಂಬುದು ಟರ್ಮಿನಲ್ಲಿನ ನೇಮ. ಹಳೆಯ ವರ್ಡ್ ಫೈಲಿನಲ್ಲೋ, ಟೇಬಲ್ಲಿನ ಪ್ರತಿ ಖಾನೆಯ ಕೊನೆಗೂ ಅದೇ 07. ಈ ಪತ್ರಿಕೆ ಪೂರ್ತಿ ಟೇಬಲ್ಲಿನಲ್ಲೇ ಕೂತಿತ್ತು. ವಧು ಎಡಕ್ಕೆ, ವರ ಬಲಕ್ಕೆ, ಕೆಳಗೆ ಸುಖಾಗಮನ ಬಯಸುವ ಬಂಧುಬಳಗಕ್ಕೆಲ್ಲ ಒಂದೊಂದು ಖಾನೆ. ಸೋದರಮಾವಂದಿರು, ಚಿಕ್ಕಪ್ಪಂದಿರು ಸರತಿಯಲ್ಲಿ ಗಂಟೆ ಬಾರಿಸಿಕೊಂಡು ಹೋದರು. ಮಾವ ತಮಗರಿವಿಲ್ಲದೆ ಕೈ ಮುಗಿದರು. ಒಳಗಿನಿಂದ ಅಮ್ಮ, “ಮಂಗಳಾರತಿ ಆಯ್ತೇನೋ?” ಎಂದು ಕೂಗಿದಳು.

ಗಂಟೆ ನಿಂತಿತು. ಆದರೆ ಫೈಲಿನ ಯಾವುದೋ ಬೈಟು ಟರ್ಮಿನಲ್ಲಿನ ತಲೆ ಕೆಡಿಸಿತ್ತು, ನಾನು ಏನು ಹೊಡೆದರೂ ಅಕ್ಷರದ ಬದಲು ಗೆರೆ, ಮೂಲೆಗಳೇ ಮೂಡತೊಡಗಿದವು. ಕುರುಡಾಗಿ ‘ರೀಸೆಟ್’ ಎಂದು ಹೊಡೆದು ಮರ್ಯಾದೆ ವಾಪಸು ತಂದುಕೊಂಡು, ಈ ಸಲ ಸರಿಯಾಗಿ ಹೆಕ್ಸ್‌ಡಂಪ್ ಕೊಟ್ಟೆ. ಸಾಲಿಗೆ 16 ಬೈಟಿನಂತೆ ಅಂಕಿಗಳು ಶಿಸ್ತಾಗಿ ನಿಂತವು. ಮೊದಲಿಗೇ ಡಿ0 ಸಿಎಫ್ 11 ಇ0.

“ನೋಡಿ ಮಾವ! ಕಣ್ಣು ಕಿರಿದು ಮಾಡಿ ಓದಿದ್ರೆ ‘ಡಾಕ್‌ಫೈಲ್’ ಅಂತಿದೆ. ಹಳೇ ವರ್ಡ್ ಫೈಲಿನ ಗುರುತು ಇದು.”

“ಅದು ವರ್ಡ್ ಫೈಲು ಅಂತ ನಾನೇ ಹೇಳ್ತಿದ್ನಲ್ಲಪ್ಪ.”

ನಾನು ಬಿಡಲಿಲ್ಲ. ಯೂನಿಕೋಡ್ ಕನ್ನಡ ಯುಟಿಎಫ್-8ರಲ್ಲಿದ್ದರೆ ಪ್ರತಿ ಚಿಹ್ನೆಗೂ ಮೂರು ಬೈಟು, ಶುರು ಇ0 ಬಿ2 ಇಲ್ಲವೇ ಇ0 ಬಿ3. ನಮ್ಮೂರ ಹೆಸರು ಬರೆಯಲೇ 30 ಬೈಟು ಬೇಕು. ಮೇಲಿಂದ ಕೆಳಗೆ ಹುಡುಕಿದೆ. ಮೊದಲ ಸಾಲಿನ ಇ0 ಕಂಡು ಎದೆ ಹಾರಿತು, ಪಕ್ಕದಲ್ಲಿ ಎ1 ಕೂತಿತ್ತು. ಮುಂದೆಲ್ಲ ಬರೀ 50 ಸಿ0, 50 ಸಿ0. ಕನ್ನಡಕ ತೆಗೆದು ತೀರ್ಪು ಕೊಟ್ಟೆ: “ಇದರಲ್ಲಿ ಒಂದೇ ಒಂದು ಕನ್ನಡ ಅಕ್ಷರವೂ ಇಲ್ಲ. ಬೈಟು ಸುಳ್ಳು ಹೇಳಲ್ಲ.”

“ಹಂಗಾರೆ ಆವತ್ತು ಅಷ್ಟು ಜನ ಏನು ಓದ್ಕೊಂಡು ಊಟಕ್ಕೆ ಬಂದ್ರೋ?” ಎಂದ ಮಾವ ಪೆನ್‌ಡ್ರೈವ್ ಕಿತ್ತುಕೊಂಡು ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ನಡೆದರು. ಬೆನ್ನ ಹಿಂದೆ ನಾನು.

ಅಂಗಡಿಯ ಹುಡುಗ ಚೂಯಿಂಗ್ ಗಮ್ ಅಗಿಯುತ್ತಲೇ ಫೈಲು ತೆರೆದ. ವಧು, ವರ, ಬಂಧುಬಳಗ ಎಲ್ಲರೂ ಅಚ್ಚಗನ್ನಡದಲ್ಲಿ ಎದ್ದು ಕೂತರು. “ಅಣ್ಣ, ನಿಮ್ಮ ಸಿಸ್ಟಮ್ಮಲ್ಲಿ ನುಡಿ ಫಾಂಟ್ ಇಲ್ವಾ?” ಎಂದು ನನ್ನನ್ನು ಕನಿಕರದಿಂದ ಕೇಳಿದ.

ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳ ಕಥೆಯೇ ಅದು. ಫೈಲಿನೊಳಗೆ ‘ಪಿ’, ಗೀಟಿನ ‘ಎ’. ಅವೇ 50 ಸಿ0. ಅವುಗಳ ಮೇಲೆ ನುಡಿ ಫಾಂಟು ಕೂತರೆ ‘ಕ’. ಕನ್ನಡವಿದ್ದದ್ದು ಫಾಂಟಿನಲ್ಲಿ, ನಾನು ಜಾಲಾಡಿದ್ದು ಬೈಟಿನಲ್ಲಿ. ಈ ವಿವರಣೆಯನ್ನು ಹುಡುಗನಿಗೆ ಹೇಳಲು ಬಾಯಿ ತೆರೆದೆ. ಅವನಾಗಲೇ ಮುಹೂರ್ತ ಬದಲಿಸಿ ಪ್ರಿಂಟ್ ಒತ್ತಿದ್ದ.

ಮಾವ ಈಗ ಊರಿಗೆಲ್ಲ ಸಲಹೆ ಕೊಡುತ್ತಿದ್ದಾರೆ: “ಕಂಪ್ಯೂಟರ್ ಕೆಲಸ ಇದ್ರೆ ಜೆರಾಕ್ಸ್ ಅಂಗಡೀಗೆ ಹೋಗಿ. ಗಂಟೆ ಬಾರಿಸೋದಿದ್ರೆ ನಮ್ಮ ಹುಡುಗ ಇದ್ದಾನೆ.”