ಸಾಲಗಾರನಿಗೆ ಕೋಟಿಯ ಬಡ್ತಿ

ಬದಿಯಡ್ಕದ ಅಳಿಯ ಸಿ ಭಾಷೆಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಬರೆದಿದ್ದಾನೆ. ಖಾತೆಯಲ್ಲಿ -1 ರೂಪಾಯಿ, ಮಿತಿ 1. ಮಿತಿಗಿಂತ -1 ಕಡಿಮೆಯೋ ಎಂದು ಕೇಳಿದರೆ ಯಂತ್ರ ಖಡಾಖಂಡಿತ ‘ಅಲ್ಲ’ ಎನ್ನುತ್ತದೆ!

“ಮಾವ, ಇದಕ್ಕೆ ಒಂದನೇ ಕ್ಲಾಸಿನ ಲೆಕ್ಕವೂ ಬರುವುದಿಲ್ಲ.”

ಯಂತ್ರವನ್ನು ಬೈದು ಫಲವಿಲ್ಲ. ಸಪ್ತಭಾಷೆಯ ಕಾಸರಗೋಡಿನ ಪೇಟೆಯಲ್ಲಿ ಚೌಕಾಸಿಗೆ ಮೊದಲು ಇಬ್ಬರೂ ತುಳುವಿಗೋ ಮಲಯಾಳಕ್ಕೋ ಹೊರಳುವ ಹಾಗೆ, ಸಿ ಕೂಡ ಹೋಲಿಸುವ ಮೊದಲು ಎರಡೂ ಬದಿಯನ್ನು ಒಂದೇ ನಮೂನೆಗೆ ತರುತ್ತದೆ. ಚಾರ್, ಶಾರ್ಟ್‌ಗಳಂಥ ಚಿಲ್ಲರೆ ನಮೂನೆಗಳಿಗೆ ಇಂಟ್ ಆಗಿ ಬಡ್ತಿ, ಅಲ್ಲಿಯವರೆಗೆ ಸುಖವೇ. ಎದುರಿಗೆ ಅಳಿಯನ ಮಿತಿಯ ಹಾಗೆ ಮೈನಸ್ಸನ್ನೇ ಅರಿಯದ ಅನ್‌ಸೈನ್ಡ್ ಇಂಟ್ ಕೂತಿತೋ, ಸಾದಾ ಇಂಟ್ ತನ್ನ ಮೈನಸ್ಸನ್ನು ಹೊರಗೇ ಬಿಟ್ಟು ಬರಬೇಕು. 32 ಬಿಟ್‌ಗಳಲ್ಲಿ ಆ -1 ಈಗ 4,29,49,67,295. ಒಂದು ರೂಪಾಯಿಯ ಸಾಲಗಾರ 429 ಕೋಟಿಯ ಧಣಿ! ಅಡಿಕೆಗೆ ಇಂಥ ಧಾರಣೆ ಎಂದೂ ಬಂದದ್ದಿಲ್ಲ.

ಮಿತಿಯನ್ನು ಅನ್‌ಸೈನ್ಡ್ ಶಾರ್ಟ್ ಮಾಡಿದರೆ ಅದೂ ಬಡ್ತಿ ಪಡೆದು ಸಾದಾ ಇಂಟ್ ಆಗುತ್ತದೆ, ಉತ್ತರ ಸರಿ ಬರುತ್ತದೆ. ಇದು 1989ರ ಆನ್ಸಿ ಮಾನಕದ ಪುಣ್ಯ. ಅದಕ್ಕೂ ಹಿಂದೆ ಕೆಲವು ಕಂಪೈಲರ್‌ಗಳು ಇದನ್ನೂ ಕೆಡಿಸುತ್ತಿದ್ದವು.

ಇನ್ನು ಜಿಸಿಸಿ ಎಂಬ ಕಂಪೈಲರ್. ‘ಆಲ್’ ಎಂಬ ಹೆಸರಿನ ಎಚ್ಚರಿಕೆಯ ಆಯ್ಕೆ ಕೊಟ್ಟರೂ ಸಿ ಪ್ರೋಗ್ರಾಮಿನಲ್ಲಿ ಈ ವಿಷಯಕ್ಕೆ ಅದು ತುಟಿಪಿಟಕ್ಕೆನ್ನುವುದಿಲ್ಲ. ‘ಎಕ್ಸ್‌ಟ್ರಾ’ ಕೊಟ್ಟರೆ ಬಾಯಿ ಬಿಡುತ್ತದೆ!