ನಮ್ಮ ಬ್ಲಾಕಿನ ನಾಯಿಪಂಡಿತರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೇ ಹೋಗಿ, ಒಬ್ಬ ನಾಯಿಪಂಡಿತರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತಿ, ಬಿಳಿ ಕ್ಯಾನ್ವಾಸ್ ಶೂ, ಸಕಲ ತಳಿಗಳ ಬಗ್ಗೆ ಅಭಿಪ್ರಾಯ. ಸ್ವಂತ ನಾಯಿ ಮಾತ್ರ ಇರುವುದಿಲ್ಲ.

ನಮ್ಮ ಬ್ಲಾಕಿನವರು ಲಿಫ್ಟಿನಲ್ಲೇ ಪ್ರಾಕ್ಟೀಸು ನಡೆಸುತ್ತಾರೆ. ನಮ್ಮ ಲ್ಯಾಬ್ರಡಾರ್ ಚಿನ್ನು ಮುಂಗಾಲು ನೆಕ್ಕಿ ನೆಕ್ಕಿ ಬೆರಳಸಂದಿಯ ಕೂದಲೆಲ್ಲ ಕಂದುಗಟ್ಟಿತ್ತು. ನಾಲ್ಕನೇ ಮಹಡಿ ಬರುವಷ್ಟರಲ್ಲಿ ಪಂಡಿತರು ಕಾಲೆತ್ತಿ ನೋಡಿ, ಕಿವಿ ಮೂಸಿ, ತೀರ್ಪು ಕೊಟ್ಟರು: "ಚಿಕನ್ ನಿಲ್ಲಿಸಿ ಸಾರ್, ಮೊಸರನ್ನ ಹಾಕಿ." ಜಗತ್ತಿನ ತುರಿಕೆಗೆಲ್ಲ ಕೋಳಿಯೇ ಹೊಣೆ ಎಂಬುದು ಅವರ ಸಿದ್ಧಾಂತ. ಮರುವಾರ ಕೊಬ್ಬರಿ ಎಣ್ಣೆ ಹಚ್ಚಿಸಿದರು. ಅದು ಎಷ್ಟು ರುಚಿಸಿತೆಂದರೆ, ಬರೀ ಕಾಲು ನೆಕ್ಕುತ್ತಿದ್ದ ಚಿನ್ನು ಸೋಫಾ ಕೂಡ ನೆಕ್ಕತೊಡಗಿದ.

ಕೊನೆಗೆ ನಾಯಿ ಡಾಕ್ಟರಿಗೆ ತೋರಿಸಿದೆವು. ಅವರು ಚರ್ಮ ಕೆರೆದು ಕಜ್ಜಿಹುಳು ಹುಡುಕಿದರು, ಇರಲಿಲ್ಲ. ಚಿಗಟ, ಉಣ್ಣೆಗೆ ಔಷಧ ಹಾಕಿದರು, ತುರಿಕೆ ನಿಲ್ಲಲಿಲ್ಲ. "ರಕ್ತಪರೀಕ್ಷೆ ಮಾಡಿಸಿದ್ರೆ ಗೊತ್ತಾಗಲ್ವಾ?" ಎಂದು ಪಂಡಿತರ ಪಾಠವನ್ನೇ ಒಪ್ಪಿಸಿದೆ. ಅಲರ್ಜಿ ಎಂದು ಖಚಿತವಾದ ಮೇಲೆ, ಇಂಜೆಕ್ಷನ್ನಿಗೆ ಏನೇನು ಸೇರಿಸಬೇಕೆಂದು ಆರಿಸಲು ಆ ಪರೀಕ್ಷೆ. ಕಾಯಿಲೆ ಕಂಡುಹಿಡಿಯಲಿಕ್ಕಲ್ಲ ಎಂದರು ಡಾಕ್ಟರು. ಮೊದಲು 8 ವಾರ ಪಥ್ಯ: ಚಿನ್ನು ಈವರೆಗೆ ತಿಂದಿರದ ಒಂದು ಮಾಂಸ, ಒಂದು ಧಾನ್ಯ, ಬೇರೆ ಚೂರೂ ಬಾಯಿಗೆ ಬೀಳಕೂಡದು.

ಪಥ್ಯ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಮಗ ಚಿನ್ನುವನ್ನು ಕೆಳಗೆ ಕರೆದೊಯ್ದಿದ್ದ. ಹೋಗಿ ನೋಡಿದರೆ ಪಾರ್ಕಿಂಗಿನ ಕಂಬದ ಮರೆಯಲ್ಲಿ ಪಂಡಿತರು ಕುಕ್ಕರಗಾಲಲ್ಲಿ ಕೂತು ಬಿಸ್ಕತ್ತು ಮುರಿದು ತಿನ್ನಿಸುತ್ತಿದ್ದಾರೆ. "ಪಾಪ, ಸೊರಗಿದಾನೆ ಸಾರ್. ದಿನಕ್ಕೆ ಒಂದೇ ಒಂದು!" ಪಥ್ಯ ಮತ್ತೆ ಮೊದಲಿಂದ.

ಎರಡನೇ ಸಲವೂ ತುರಿಕೆ ಜಗ್ಗಲಿಲ್ಲ. ಕೋಳಿ ನಿರ್ದೋಷಿಯೆಂದು ಬಿಡುಗಡೆಯಾಯಿತು. ಉಳಿದವರು ಮನೆಯ ಧೂಳಿನ ಹುಳ, ಬೂಷ್ಟು, ಹೂವಿನ ಪರಾಗ.

ಕೋಪ ಬಂದರೂ ಒಂದು ಮಾತು ಹೇಳಲೇಬೇಕು. ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಹೂಬಿಟ್ಟಾಗಲೆಲ್ಲ ಚಿನ್ನುವಿನ ಹೊಟ್ಟೆ ಕೆಂಪಾಗುತ್ತದೆಂದು ಮೊದಲು ಗಮನಿಸಿದವರು ಪಂಡಿತರೇ. ಡಾಕ್ಟರು ಅದನ್ನು ಬರೆದುಕೊಂಡರು. ನನ್ನ ಹೆಸರು ಪಂಡಿತರಿಗೆ ಇಂದಿಗೂ ಗೊತ್ತಿಲ್ಲ, ನಾನು "ಚಿನ್ನು ಅಪ್ಪ". ನೀವೇಕೆ ನಾಯಿ ಸಾಕಲಿಲ್ಲ ಎಂದರೆ, "ನಮ್ಮನೆಯವಳಿಗೆ ನಾಯಿ ಅಂದ್ರೆ ಅಲರ್ಜಿ, ಉಬ್ಬಸ ಬರುತ್ತೆ" ಎನ್ನುತ್ತಾರೆ. ಲಿಫ್ಟಿನಿಂದ ಇಳಿಯುವ ಮುಂಚೆ ಪ್ಯಾಂಟಿಗಂಟಿದ ಕೂದಲನ್ನು ಒಂದೊಂದೇ ಹೆಕ್ಕುತ್ತಾರೆ.

ಚಿನ್ನುವಿಗಿರುವಂಥ ಅಲರ್ಜಿ ಸಾಮಾನ್ಯವಾಗಿ ಪೂರ್ತಿ ವಾಸಿಯಾಗದು, ಹತೋಟಿಯಲ್ಲಿಡಬಹುದು. ವಾಕಿಂಗ್ ಮುಗಿದೊಡನೆ ಒದ್ದೆಬಟ್ಟೆಯಲ್ಲಿ ಕಾಲೊರೆಸುತ್ತೇವೆ, ಮಾತ್ರೆ ಹಾಕುತ್ತೇವೆ. ನಿಮ್ಮ ನಾಯಿಯೂ ಕಾಲು ನೆಕ್ಕುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಪಂಡಿತರು ಹೇಗೂ ಸಿಗುತ್ತಾರೆ.