ಓನರ್ರು ಸೈಟ್‌ನಲ್ಲಿದ್ದಾರೆ

ವಿಸಿಟಿಂಗ್ ಕಾರ್ಡನ್ನು ಅವರು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಕೊಟ್ಟಮೇಲೆ ನೀವು ಓದಿ ಮುಗಿಸುವ ತನಕ ಅಲ್ಲಾಡುವುದಿಲ್ಲ. ಒಂದು ಬದಿಯಲ್ಲಿ ಸೋಫಾ, ಕಾರ್ಪೆಟ್, ಹಾಸಿಗೆ, ಕಾರ್ ಸೀಟು, ಕೊನೆಗೆ ಸಿಂಟೆಕ್ಸ್ ಟ್ಯಾಂಕು. ಇನ್ನೊಂದು ಬದಿಯಲ್ಲಿ ಅವರ ಹೆಸರು, ಕೆಳಗೆ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಪ್ರೊಪ್ರೈಟರ್’. ಅದರ ಕೆಳಗೆ ‘ಶಾಖೆಗಳು: ದಾವಣಗೆರೆ, ಹರಿಹರ’. ದಾವಣಗೆರೆ ಶಾಖೆ ಅಂದರೆ ವಿನೋಬನಗರದ ಬಾಡಿಗೆ ಮನೆಯ ಮೆಟ್ಟಿಲ ಕೆಳಗಿನ ಜಾಗ, ನೀರಿನ ಮೋಟರಿನ ಪಕ್ಕ. ಹರಿಹರ ಶಾಖೆ ಅಂದರೆ ಹೆಂಡತಿಯ ತಮ್ಮ. ಅವನ ಹತ್ತಿರ ಒಂದು ಬೈಕು, ಒಂದು ಫೋನು ಇವೆ. ಶಾಖೆಗೆ ಇನ್ನೇನು ಬೇಕು?

ಇಂಥವರು ಈಗ ಊರಿಗೊಬ್ಬರಲ್ಲ, ವಾರ್ಡಿಗೊಬ್ಬರು. ಎಸಿ ರಿಪೇರಿಯಲ್ಲಿ, ಸಿಸಿ ಕ್ಯಾಮೆರಾದಲ್ಲಿ, ನೀರಿನ ಫಿಲ್ಟರಿನಲ್ಲಿ, ಮೊನ್ನೆ ಮೊನ್ನೆ ತನಕ ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದ ಹುಡುಗ ಇವತ್ತು ಓನರ್ರು. ಆದರೆ ಕಾರ್ಪೆಟ್ ಕ್ಲೀನಿಂಗ್ ಓನರ್ರಿಗೆ ಉಳಿದವರಿಗಿಲ್ಲದ ಒಂದು ತಾಪತ್ರಯ ಇದೆ. ದಾವಣಗೆರೆಯ ಮನೆಗಳಲ್ಲಿ ಕಾರ್ಪೆಟ್ಟೇ ಇಲ್ಲ. ನಮ್ಮದು ಚಾಪೆ, ಜಮಖಾನದ ಸೀಮೆ. ಜಮಖಾನ ಕೊಳೆಯಾದರೆ ಇಬ್ಬರು ಎರಡು ತುದಿ ಹಿಡಿದು ಟೆರೇಸಿನ ಮೇಲೆ ಝಾಡಿಸುತ್ತಾರೆ. ತೀರಾ ಆಯಿತು ಅಂದರೆ ಹೊಳೆಗೆ ಒಯ್ಯುತ್ತಾರೆ. ಮುದ್ರಾ ಸಾಲಕ್ಕೆ ಹೋದಾಗ ಬ್ಯಾಂಕ್ ಮ್ಯಾನೇಜರು ಕೇಳಿದ್ದೂ ಅದನ್ನೇ.

“ಕಾರ್ಪೆಟ್ ಕ್ಲೀನಿಂಗಾ? ನಮ್ಮೂರಾಗೆ ಕಾರ್ಪೆಟ್ ಎಲ್ಲೈತಪ್ಪಾ?”

“ಕಾರ್ಪೆಟ್ ಇಲ್ಲ ಸಾರ್. ಧೂಳೈತಲ್ಲ.”

ಮ್ಯಾನೇಜರು ತಮ್ಮ ಟೇಬಲ್ಲಿನ ಮೇಲೆ ಒಮ್ಮೆ ಬೆರಳಾಡಿಸಿ, ಬೆರಳು ನೋಡಿಕೊಂಡು, ಅರ್ಜಿ ಈಸಿಕೊಂಡರಂತೆ. ಧೂಳಿನ ವಿಷಯದಲ್ಲಿ ಓನರ್ರು ಸುಳ್ಳು ಹೇಳುವವರಲ್ಲ. ಒಂದು ಕಡೆ ಹೈವೇ, ಇನ್ನೊಂದು ಕಡೆ ಮೆಕ್ಕೆಜೋಳದ ಲಾರಿ, ಮತ್ತೊಂದು ಕಡೆ ರೈಸ್ ಮಿಲ್ಲಿನ ಹೊಟ್ಟು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದದ್ದೇ ರಸ್ತೆ ಅಗೆತವೂ ಬಂತು. ಊರು ಬೈದುಕೊಂಡಿತು. ಓನರ್ರು ಮಾತ್ರ ಅದನ್ನು ತಮ್ಮ ಮೂಲ ಬಂಡವಾಳ ಎಂದೇ ತಿಳಿದಿದ್ದಾರೆ. ಇನ್ನು ಮುದ್ರಾದಲ್ಲಿ 50,000ದ ತನಕ ‘ಶಿಶು’, ಅಲ್ಲಿಂದ 5 ಲಕ್ಷದ ತನಕ ‘ಕಿಶೋರ’. ನಮ್ಮ ಓನರ್ರು ಎರಡು ಮಕ್ಕಳ ತಂದೆಯಾದಮೇಲೆ ಕಿಶೋರರಾದರು.

ಅದಕ್ಕೆ ಮೊದಲು ಅವನು ಬೆಂಗಳೂರಿನಲ್ಲಿದ್ದ. ಐಟಿ ಕಂಪನಿಗಳ ಕಾರ್ಪೆಟ್ಟನ್ನು ರಾತ್ರಿ ಹೊತ್ತು, ಎಲ್ಲರೂ ಮನೆಗೆ ಹೋದಮೇಲೆ ತೊಳೆಯುವ ಕೆಲಸ. ಒಳ್ಳೆಯ ಕೆಲಸಗಾರ. ಒದ್ದೆ ಮಾಡುವ ಮೊದಲು ಒಣ ಧೂಳು ಎಳೆಯಬೇಕು, ಇಲ್ಲದಿದ್ದರೆ ಧೂಳು ಹೋಗಿ ಕೆಸರಾಗುತ್ತದೆ; ಯಾವ ಶಾಂಪೂವನ್ನೂ ಮೊದಲು ಸೋಫಾದ ಹಿಂಬದಿ ಮೂಲೆಗೆ ಹಚ್ಚಿ ಬಣ್ಣ ಬಿಡುತ್ತದೋ ನೋಡಬೇಕು; ನೀರು ಜಾಸ್ತಿಯಾದರೆ ತಳದಲ್ಲಿ ಕೂತ ಕಲೆ ಒಣಗುವಾಗ ದಾರದ ಗುಂಟ ಮೇಲೆದ್ದು ಮರುದಿನ ಮತ್ತೆ ಹಾಜರಾಗುತ್ತದೆ. ಇದೆಲ್ಲ ಅವನಿಗೆ ಬಾಯಿಪಾಠ. ಹಾಜರಾದ ಕಲೆಗೆ ಬೈಸಿಕೊಳ್ಳುವವನೂ ಅವನೇ ಆಗಿದ್ದ. ಬಾಸು ಎಸಿ ರೂಮಿನಲ್ಲಿ ಕೂತು ಬಿಲ್ ಬರೆಯುತ್ತಿದ್ದ. ಒಂದು ರಾತ್ರಿ ನಮ್ಮವನು ಕಂಪನಿಯ ಬಿಲ್ಲೊಂದನ್ನು ಕಣ್ಣಾರೆ ನೋಡಿಬಿಟ್ಟ. ಒಂದು ಸೋಫಾಕ್ಕೆ ಇಷ್ಟು. ದಿನಕ್ಕೆ ಆರು ಸೋಫಾ. ತಿಂಗಳಿಗೆ ಮೂವತ್ತು ದಿನ. ಮೊಬೈಲಿನ ಕ್ಯಾಲ್ಕುಲೇಟರು ತೋರಿಸಿದ ಮೊತ್ತ ನೋಡಿ ನಿದ್ದೆ ಹಾರಿತು. ಆ ಲೆಕ್ಕದಲ್ಲಿ ಗುಣಿಸುವುದು ಬಿಟ್ಟು ಬೇರೇನೂ ಇರಲಿಲ್ಲ. ಕಳೆಯುವ ಲೆಕ್ಕ, ಅಂದರೆ ಪೆಟ್ರೋಲು, ಶಾಂಪೂ, ಸುಟ್ಟ ಮೋಟರು, ಬಾರದ ಹುಡುಗ, ಮಳೆಗಾಲ, ‘ಆಮೇಲೆ ಕೊಡ್ತೀನಿ’ ಅನ್ನುವ ಗಿರಾಕಿ, ಎಲ್ಲ ಈಗ ಹೆಂಡತಿಯ ನೋಟ್‌ಬುಕ್ಕಿನಲ್ಲಿದೆ. ಆಕೆಯೇ ಮ್ಯಾನೇಜರು, ಕ್ಯಾಷಿಯರು, ಕಾಲ್ ಸೆಂಟರು. ಫೋನ್ ಬಂದರೆ ಒಲೆ ಸಣ್ಣ ಮಾಡಿ, “ಓನರ್ರು ಸೈಟ್‌ನಲ್ಲಿದ್ದಾರೆ, ಏನಾಗಬೇಕಿತ್ತು ಹೇಳ್ರಿ” ಅನ್ನುತ್ತಾರೆ. ಓನರ್ರು ಆ ಹೊತ್ತಿಗೆ ಹಿತ್ತಲಲ್ಲಿ ಬ್ರಷ್ ತೊಳೆಯುತ್ತಿದ್ದರೂ ಅದು ಸೈಟೇ.

ಹರಿಹರದ ಮಾವನವರಿಗೆ ಈ ಓನರ್‌ಗಿರಿ ಇನ್ನೂ ಗಂಟಲಲ್ಲಿ ಇಳಿದಿಲ್ಲ. ಅವರು ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಹರಿಹರದಲ್ಲಿ ಶುರುವಾದ ಆ ಲೇತ್ ಕಾರ್ಖಾನೆಯಲ್ಲಿ ಮಗನಿಗೆ ಕೆಲಸ ಸಿಕ್ಕಿತು ಅಂದರೆ ಹೆಣ್ಣು ಕೊಡುವವರು ಬೇರೇನೂ ವಿಚಾರಿಸುತ್ತಿರಲಿಲ್ಲ. ಕಾರ್ಖಾನೆಗೆ ಬೀಗ ಬಿದ್ದು ಇಪ್ಪತ್ತು ವರ್ಷದ ಮೇಲಾದರೂ ಮಾವನವರ ಮಾತಿನಲ್ಲಿ ‘ಕಂಪನಿ’ ಅಂದರೆ ಅದೊಂದೇ. ಅಳಿಯ ಯೂಟ್ಯೂಬ್ ನೋಡಿ ತಯಾರಾಗಿ ಹೋಗಿರುತ್ತಾರೆ.

“ಮಾವನೋರೆ, ಕಿರ್ಲೋಸ್ಕರೂ ಮೊದಲು ಕೆಲಸದಾಗೇ ಇದ್ದೋರು. ಲಕ್ಷ್ಮಣರಾಯರು ಮುಂಬೈನ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಾಗೆ ಮೇಷ್ಟ್ರು. ಪ್ರಮೋಷನ್ ಬೇರೆಯೋರಿಗೆ ಕೊಟ್ರು ಅಂತ ಕೆಲಸ ಬಿಟ್ರು. ಬೆಳಗಾವಿಯಾಗೆ 1888ರಾಗೆ ಇಟ್ಟಿದ್ದು ಸೈಕಲ್ ಅಂಗಡಿ. ಅಲ್ಲಿಂದ ನೇಗಿಲು, ನೇಗಿಲಿನಿಂದ ನಿಮ್ಮ ಲೇತು.”

ಮಾವನವರು ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡು ಹೇಳುತ್ತಾರೆ: “ಖರೇ ಅಳಿಯಂದ್ರೆ. ಆದ್ರೆ ಅವರು ಓನರ್ ಆದ ಮ್ಯಾಲೂ ಪಂಚರ್ ಹಾಕ್ತಾ ಕುಂತಿರ್ಲಿಲ್ಲ.”

ಮಾವನವರ ಈ ಮಾತಿಗೆ ಉತ್ತರ ಇಲ್ಲ. ಓನರ್ರ ರೋಗವೇ ಅದು. ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದಾರೆ, ಸಂಬಳ ಕೊಡುತ್ತಾರೆ, ಬೆನ್ನ ಮೇಲೆ ಕಂಪನಿ ಹೆಸರಿರುವ ಟೀ ಶರ್ಟು ಹೊಲಿಸಿದ್ದಾರೆ. ತಾವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು, ಸೆಕೆಂಡ್ ಹ್ಯಾಂಡ್ ಓಮ್ನಿಯ ಮುಂದಿನ ಸೀಟಿನಲ್ಲಿ ಬಂದು ಇಳಿಯುತ್ತಾರೆ. ‘ನಾನು ಸೂಪರ್‌ವೈಸ್ ಮಾಡೋಕೆ ಬಂದೆ’ ಎಂಬ ಮುಖದಲ್ಲಿ ಹಾಲಿನ ಮಧ್ಯೆ ನಿಲ್ಲುತ್ತಾರೆ. ಐದು ನಿಮಿಷ. ಹುಡುಗ ಬ್ರಷ್ಷನ್ನು ಗುಂಡಗೆ ತಿರುಗಿಸುವ ಬದಲು ಗುಡಿಸುವಂತೆ ಎಳೆಯುತ್ತಾನೆ. ಓನರ್ರ ಬಲಗೈ ತಾನಾಗಿಯೇ ಸಣ್ಣಗೆ ಗುಂಡಗೆ ತಿರುಗತೊಡಗುತ್ತದೆ. ಇನ್ನೆರಡು ನಿಮಿಷಕ್ಕೆ, “ಲೇ ತಮ್ಮಾ, ಕೊಡಿಲ್ಲಿ.” ಅಷ್ಟೇ. ಪ್ಯಾಂಟು ಮಂಡಿಗೆ ಏರಿತು, ಓನರ್ರು ನೆಲಕ್ಕೆ ಕೂತರು. ಹುಡುಗರು ಈಗ ಬಾಗಿಲ ಹತ್ತಿರ ನಿಂತು ಸೂಪರ್‌ವೈಸ್ ಮಾಡುತ್ತಾರೆ.

ಎಂಸಿಸಿ ‘ಬಿ’ ಬ್ಲಾಕಿನ ಒಂದು ಮನೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಮಗಳ ಮದುವೆಯ ಅರಿಶಿನ ಶಾಸ್ತ್ರವನ್ನು ಈಗಿನ ಪದ್ಧತಿಯಂತೆ ಹಾಲಿನಲ್ಲೇ, ಫೋಟೋಗ್ರಾಫರಿಗೆ ಅನುಕೂಲವಾಗಲೆಂದು ತೆಳು ಕೆನೆ ಬಣ್ಣದ ಸೋಫಾದ ಮೇಲೆಯೇ ಮಾಡಿದ್ದರು. ಸೋಫಾದ ಕೈಗೆ ಐದು ಬೆರಳೂ ಮೂಡಿದ ಅರಿಶಿನದ ಅಚ್ಚು. ಓನರ್ರು ಬಾಗಿಲಲ್ಲಿ ಫೋನಿನಲ್ಲಿದ್ದರು, ಹರಿಹರ ಶಾಖೆಯ ಜೊತೆ. ಹುಡುಗ ಉತ್ಸಾಹದಲ್ಲಿ ಶಾಂಪೂ ಸಿಂಪಡಿಸಿದ. ಕಣ್ಣ ಮುಂದೆಯೇ ಹಳದಿ ಕೈ ಕೆಂಪು ಕೈಯಾಯಿತು. ಮನೆಯವರು ಎದೆಗೆ ಕೈಯಿಟ್ಟು, “ಅಯ್ಯೋ ಶಿವನೇ, ರಕ್ತ!” ಅಂದರು. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಸೇರಿಸಿದರೆ ಕೆಂಪಾಗುವುದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಶಾಂಪೂವಿನ ಕ್ಷಾರವೂ ಮಾಡುವುದು ಅದೇ ಕೆಲಸ. ಆದರೆ ಅದು ಎಂಬತ್ತು ಸಾವಿರದ ಸೋಫಾದ ಮೇಲೆ ಆಗುವಾಗ ಆರತಿಯ ನೆನಪಾಗುವುದಿಲ್ಲ.

ಓನರ್ರು ಫೋನ್ ಇಟ್ಟರು. ಬ್ಲೂಟೂತ್ ತೆಗೆದು ಜೇಬಿಗೆ ಹಾಕಿದರು. “ಅಕ್ಕಾರೆ, ಮನೇಲಿ ವಿನೆಗರ್ ಐತಾ? ಗೋಬಿ ಮಂಚೂರಿಗೆ ಹಾಕ್ತಾರಲ್ಲ, ಅದು.” ಅಡುಗೆಮನೆಯಿಂದ ಬಾಟಲಿ ಬಂತು. ಅದಕ್ಕಷ್ಟು ನೀರು ಬೆರೆಸಿ, ಬಿಳಿ ಬಟ್ಟೆ ಅದ್ದಿ, ಉಜ್ಜದೆ, ಮಗುವಿನ ಗಾಯ ಒರೆಸುವ ಹಾಗೆ ಒತ್ತಿ ಒತ್ತಿ ತೆಗೆದರು. ಕೆಂಪು ಮತ್ತೆ ಹಳದಿಯಾಯಿತು. ಹಳದಿಯಲ್ಲಿ ಅರ್ಧ ಬಟ್ಟೆಗೆ ಬಂತು. “ಇನ್ನರ್ಧ ನಾನಲ್ಲ, ಸೂರ್ಯ ತೆಗೀತಾನೆ. ಕವರ್ ಬಿಚ್ಚಿ ಟೆರೇಸಿಗೆ ಹಾಕ್ರಿ. ಅರಿಶಿನ ಬಿಸಿಲಿಗೆ ನಿಲ್ಲಂಗಿಲ್ಲ.” ದಾವಣಗೆರೆಯ ಏಪ್ರಿಲ್ ಬಿಸಿಲು. ಎರಡು ದಿನಕ್ಕೆ ಕೈಯ ಗುರುತೇ ಇರಲಿಲ್ಲ. ಮನೆಯವರು ಫೋನ್ ಮಾಡಿ ಹೊಗಳಿದರು, ಇನ್ನು ಮುಂದೆ ಆ ಹುಡುಗರನ್ನು ಕಳಿಸಬೇಡಿ, ನೀವೇ ಬನ್ನಿ ಅಂದರು. ಅಲ್ಲಿಗೆ ಓನರ್ರು ಇನ್ನೊಂದು ಮನೆಯಲ್ಲಿ ಕಾಯಂ ಟೆಕ್ನಿಷಿಯನ್ ಆದರು.

ಕೆಲಸ ಮುಗಿದಮೇಲೆ ಅವರ ಮಾರಾಟದ ಕಲೆ ಶುರು. ಮೆಷೀನಿನ ಹೊಟ್ಟೆಯಿಂದ ಕೊಳೆ ನೀರನ್ನು ಬಿಳಿ ಬಕೆಟ್ಟಿಗೆ ಬಗ್ಗಿಸಿ ಹಾಲಿನ ಮಧ್ಯೆ ತಂದಿಡುತ್ತಾರೆ. ಬೇಕೆಂದೇ ಬಿಳಿ ಬಕೆಟ್ಟು. ನೀರು ಕರಿ ಚಹಾದ ಬಣ್ಣಕ್ಕಿರುತ್ತದೆ. “ನೋಡ್ರಿ, ಇದರ ಮ್ಯಾಲೆ ಕುಂತು ನೀವು ಟಿವಿ ನೋಡ್ತಿದ್ದದ್ದು.” 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ಕುದುರೆ ಗಾಡಿಯಲ್ಲಿ ವ್ಯಾಕ್ಯೂಮ್ ಮೆಷೀನು ಹೇರಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿ, ಕಿಟಕಿಯಿಂದ ಪೈಪು ಬಿಟ್ಟು ಧೂಳು ಎಳೆಯುತ್ತಿದ್ದ. ಮರುವರ್ಷ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ಟನ್ನೂ ಶುಚಿ ಮಾಡಿದ. ಧೂಳು ಹರಿಯುವುದು ಕಾಣಲೆಂದು ಪೈಪಿನಲ್ಲಿ ಪಾರದರ್ಶಕ ಭಾಗ ಇಟ್ಟಿದ್ದನಂತೆ. ಅಲ್ಲಿಯ ಶ್ರೀಮಂತ ಗೃಹಿಣಿಯರು ನೆರೆಹೊರೆಯವರನ್ನು ಚಹಾಕ್ಕೆ ಕರೆದು ಆ ತಮಾಷೆ ತೋರಿಸುತ್ತಿದ್ದರಂತೆ. ಓನರ್ರು ಇದನ್ನೂ ವಿಡಿಯೋದಲ್ಲಿ ನೋಡಿ ನಮ್ಮೂರಿನಲ್ಲೂ ಹಾಗೇ ಆಗುತ್ತದೆ ಎಂದುಕೊಂಡಿದ್ದರು. ಇಲ್ಲಿ ಬಕೆಟ್ಟು ಕಂಡದ್ದೇ ಮನೆಯೊಡತಿ ಬಾಗಿಲ ಕಡೆ ಓಡುತ್ತಾರೆ. “ಶ್... ಮೆಲ್ಲಕ ಮಾತಾಡ್ರಿ! ಪಕ್ಕದ ಮನಿಯೋರು ಅಲ್ಲೇ ನಿಂತಾರೆ!” ಹಾಗಾಗಿ ಓನರ್ರ ಕೀರ್ತಿ ಆ ಮನೆಯ ಹಾಲಿನಿಂದ ಆಚೆ ಹೋಗುವುದೇ ಇಲ್ಲ. ಗೂಗಲ್‌ನಲ್ಲಿ ಐದು ಸ್ಟಾರ್ ಕೊಡಿ ಅಂದರೂ ಅದೇ ಅಂಜಿಕೆ: ನಮ್ಮನೆ ಸೋಫಾ ಅಷ್ಟು ಕೊಳೆಯಿತ್ತು ಅಂತ ಊರಿಗೆಲ್ಲ ಗೊತ್ತಾಗಲ್ವೇನ್ರೀ?

ರೇಟಿನ ಚೌಕಾಸಿಯಲ್ಲಂತೂ ನಮ್ಮ ಜನ ದೊಡ್ಡವರು. “ಐದು ಸೀಟಿನ ಸೋಫಾ ಖರೇ. ಆದ್ರೆ ಮೂಲೆ ಸೀಟಿನ ಮ್ಯಾಲೆ ಯಾರೂ ಕೂರಲ್ಲ, ಇಸ್ತ್ರಿ ಬಟ್ಟೆ ಇಡ್ತೀವಿ. ನಾಲ್ಕಕ್ಕೆ ಹೇಳ್ರಿ.” ಓನರ್ರು ನಾಲ್ಕಕ್ಕೆ ಒಪ್ಪಿ ಐದನ್ನೂ ತೊಳೆದು ಬರುತ್ತಾರೆ, ಒಂದು ಸೀಟು ಕೊಳೆ ಬಿಟ್ಟು ಬರಲು ಕೈ ಬರುವುದಿಲ್ಲ. ಆ ಐದನೆಯ ಸೀಟು ಮಾತ್ರ ರಾತ್ರಿ ಹೆಂಡತಿಯ ನೋಟ್‌ಬುಕ್ಕಿನಲ್ಲಿ ಬರುತ್ತದೆ.

ನಿಜವಾದ ಕಾರ್ಪೆಟ್ಟು ಸಿಗುವುದು ಕಲ್ಯಾಣ ಮಂಟಪಗಳಲ್ಲಿ. ಸ್ಟೇಜಿನ ಕೆಂಪು ಕಾರ್ಪೆಟ್ಟಿನೊಳಗೆ ಒಂದು ಸೀಸನ್ನಿನ ಅಕ್ಷತೆ, ಗುಲಾಬಿ ದಳ, ಅಡಿಕೆ ಚೂರು, ಒಮ್ಮೊಮ್ಮೆ ಕಾಲುಂಗುರ. ಉಂಗುರವನ್ನು ತಪ್ಪದೆ ಆಫೀಸಿಗೆ ಕೊಡುತ್ತಾರೆ, ಕೊಟ್ಟದ್ದರ ಫೋಟೋವನ್ನು ತಪ್ಪದೆ ಸ್ಟೇಟಸ್ಸಿಗೆ ಹಾಕುತ್ತಾರೆ. ಆಷಾಢದಲ್ಲಿ ಮಂಟಪ ಖಾಲಿ, ತೊಳೆಯಲು ಹೇಳಿ ಮಾಡಿಸಿದ ಕಾಲ. ಆದರೆ ದುಡ್ಡೂ ಖಾಲಿ, ಮೇಲಾಗಿ ಮಳೆ, ಕಾರ್ಪೆಟ್ಟು ಒಣಗದೆ ನಾತ. ರಂಜಾನ್‌ಗೆ ಮೊದಲು ಮಸೀದಿಯ ಕಾರ್ಪೆಟ್ಟುಗಳು ಬರುತ್ತವೆ. ಅಲ್ಲಿ ಓನರ್ರು ಬಕೆಟ್ಟೂ ತೋರಿಸುವುದಿಲ್ಲ, ಪೂರ್ತಿ ರೇಟೂ ಹೇಳುವುದಿಲ್ಲ. ಕೆಲಸ ಕಲಿತ ಹುಡುಗರು ಬಿಟ್ಟುಹೋಗಿ ತಮ್ಮದೇ ಬೋರ್ಡು ಹಾಕುವುದೂ ಉಂಟು. ಈಚಿನ ಬೋರ್ಡಿನಲ್ಲಿ ರಾಣೇಬೆನ್ನೂರೂ ಸೇರಿದೆ, ಅಲ್ಲಿ ಆ ಹುಡುಗನ ಅಕ್ಕನನ್ನು ಕೊಟ್ಟಿದ್ದಾರೆ.

ಇವೆಲ್ಲದರ ಮೇಲೆ ಜಾತ್ರೆ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷ ಹಳೇ ದಾವಣಗೆರೆಯಲ್ಲಿ ಗೋಡೆಗೆ ಬಣ್ಣ ಬೀಳುತ್ತದೆ, ಎಲ್ಲ ದಿಕ್ಕಿನಿಂದ ನೆಂಟರು ಇಳಿಯುತ್ತಾರೆ. ಓನರ್ರ ಫೋನು ಬಿಸಿಯಾಗುತ್ತದೆ. ಜಾತ್ರೆಗೆ ಮೊದಲು ನೆಂಟರು ಬರುತ್ತಾರೆಂದು ಒಂದು ಸಲ, ಜಾತ್ರೆ ಆದಮೇಲೆ ನೆಂಟರು ಬಂದಿದ್ದರೆಂದು ಇನ್ನೊಂದು ಸಲ. ಬಾಡೂಟದ ಸಾರಿನ ಕಲೆಗೆ ಅವರ ಹತ್ತಿರ ಬೇರೆಯೇ ಬಾಟಲಿ ಇದೆ.

2025ರ ಜುಲೈ ನಿಮಗೆ ನೆನಪಿರಬೇಕು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೆಂಗಳೂರಿನ ಬೇಕರಿ, ಬೀಡಾ ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿಸಿದರು. ಮರುದಿನವೇ ನಮ್ಮ ಓನರ್ರು ಗಂಭೀರವಾದರು. ಬೆಣ್ಣೆ ದೋಸೆ ಹೋಟೆಲಿನಲ್ಲಿ ಸಿಕ್ಕವರಿಗೆಲ್ಲ ತಗ್ಗಿದ ದನಿಯಲ್ಲಿ, “ನಮ್ಮಂಥ ಓನರ್‌ಗಳಿಗೆ ಕಷ್ಟ ಐತೆ ಈ ಸಲ” ಅಂದರು. ಓಮ್ನಿಯ ಗಾಜಿಗೆ ಅಂಟಿಸಿದ್ದ ಕ್ಯೂಆರ್ ಕೋಡನ್ನು ಅರ್ಧ ಕಿತ್ತರು. ಕೊನೆಗೆ ಹೆಂಡತಿಯ ನೋಟ್‌ಬುಕ್ಕು, ಬ್ಯಾಂಕ್ ಪಾಸ್‌ಬುಕ್ಕು ಎರಡನ್ನೂ ಹಿಡಿದು ಆಡಿಟರ ಆಫೀಸಿಗೆ ಹೋದರು. ಆಡಿಟರು ಹಾಳೆ ತಿರುವಿದರು, ಕೂಡಿದರು.

“ಸರ್ವೀಸಿಗೆ ವರ್ಷಕ್ಕೆ 20 ಲಕ್ಷ ದಾಟಬೇಕು ಓನರ್ರೆ. ನಿಮಗೆ ಯಾವ ನೋಟಿಸೂ ಬರಂಗಿಲ್ಲ. ಆರಾಮ ಇರ್ರಿ.”

ಓನರ್ರ ಮುಖ ಇಳಿಯಿತು. ಪಾಸ್‌ಬುಕ್ಕನ್ನು ತಮ್ಮ ಕಡೆ ಎಳೆದುಕೊಂಡು ಮತ್ತೊಮ್ಮೆ ನೋಡಿದರು. ಹೊರಗೆ ವೇಟಿಂಗಿನಲ್ಲಿ ರೈಸ್ ಮಿಲ್ಲಿನವರೊಬ್ಬರು ಕೂತಿದ್ದರು. ಅವರಿಗೂ ಕೇಳಲಿ ಎನ್ನುವಷ್ಟು ದನಿ ಎತ್ತಿ ಹೇಳಿದರು:

“ಇದು ಜಾತ್ರೆ ವರ್ಷ ಅಲ್ಲ ಸಾರ್, ಅದಕ್ಕೆ. 2026ಕ್ಕೆ ಬರ್ತೀನಿ, ಆವಾಗ ನೋಡ್ರಿ.”